ಒಮಾನ್ ಮರುಭೂಮಿ ಟವರ್‌ಗೆ ಸೋಲಾರ್ ಒಂದೇ ಸಾಕಾ, ಗಾಳಿ ಫ್ಯಾನೂ ಹಾಕ್ಬೇಕಾ? ಅನುಭವ ಇದ್ದೋರು ಹೇಳಿ

ಹೈಮಾ_ರೋಡ್
ಎಲ್ರಿಗೂ ನಮಸ್ಕಾರ. ನಾನು ಒಮಾನಲ್ಲಿ ಒಂದು ಕಾಂಟ್ರಾಕ್ಟ್ ಕಂಪ್ನೀಲಿ ಸೈಟ್ ಇಂಜಿನಿಯರ್. ಲೈನ್ ಕರೆಂಟ್ ಇಲ್ಲದ ಕಡೆ ಇರೋ ಮೊಬೈಲ್ ಟವರ್‌ಗಳಲ್ಲಿ ಡೀಸೆಲ್ ಜನರೇಟರ್ ತೆಗ್ದು ಸೋಲಾರ್ ಹಾಕೋ ಕೆಲ್ಸ ಬಂದಿದೆ. ಒಂದಷ್ಟು ಸೈಟು ಹೈಮಾ ಸುತ್ತ ಒಳನಾಡಲ್ಲಿ, ಸುತ್ತ ಮರಳು ಜಲ್ಲಿ ಬಿಟ್ರೆ ಏನೂ ಇಲ್ಲ, ಇನ್ನೊಂದಷ್ಟು ದುಕ್ಮ್ ಕಡೆ ಸಮುದ್ರದ ಪಕ್ಕ. ಲೋಡು ಸರಾಸರಿ 1 ಕಿಲೋವ್ಯಾಟ್, ಮೈನಸ್ 48 ವೋಲ್ಟ್ ಡಿಸಿ, ಒಂದು ಬಿಟಿಎಸ್ (ಫೋನಿಗೆ ಸಿಗ್ನಲ್ ಕೊಡೋ ಸಲಕರಣೆ) ಜೊತೆ ಇನ್ನೊಂದು ಟವರಿಗೆ ಜೋಡಿಸೋ ಮೈಕ್ರೋವೇವ್ ಲಿಂಕು.

ಈಗ ನಮ್ ಬಾಸ್ ಎಲ್ಲಾ ಸೈಟಿಗೂ ಸೋಲಾರ್ ಜೊತೆ ಒಂದೊಂದು 3 ಕಿಲೋವ್ಯಾಟ್ ಗಾಳಿ ಫ್ಯಾನ್ ಹಾಕಿ, ಹೈಬ್ರಿಡ್ ಅಂತ ತೋರ್ಸೋಣ, ರಾತ್ರಿ ಕರೆಂಟ್ ಗಾಳಿಯಿಂದ ಬರತ್ತೆ ಅಂತಿದಾರೆ. ನಂಗೆ ಯಾಕೋ ಒಳನಾಡಲ್ಲಿ ಇದು ದಂಡ ಅನ್ಸತ್ತೆ. ಆದ್ರೆ ಬರೀ ಅನ್ಸತ್ತೆ ಅಂತ ಹೇಳಿದ್ರೆ ಮೀಟಿಂಗಲ್ಲಿ ಯಾರ್ ಕೇಳ್ತಾರೆ. ಗಲ್ಫಲ್ಲಿ ಈ ಥರ ಸೈಟ್ ನೋಡಿರೋರು ಇದ್ರೆ ದಯವಿಟ್ಟು ಹೇಳಿ.

ಜಯನಗರ_4ನೇ_ಬ್ಲಾಕ್
ಗಲ್ಫಲ್ಲಿ ಕೂತ್ಕೊಂಡು ಬಿಸಿಲು ಸಾಲತ್ತಾ ಅಂತ ಕೇಳ್ತೀರಲ್ಲ ಗುರು 😀 ಸೋಲಾರ್ ಪ್ಲೇಟ್ ಹಾಕಿ ಮನೆಗೆ ಹೋಗಿ.

ಬ್ಯಾಟರಿ_ಭಟ್ರು
ಹಾಗೆ ಸುಲಭ ಇಲ್ಲ ಮಾರಾಯ್ರೆ. ನಾನು ಸೌದಿಯಲ್ಲಿ ಪೈಪ್‌ಲೈನ್ ಕಮ್ಯುನಿಕೇಶನ್‌ನಲ್ಲಿ ಇದ್ದವ, ಈಗ ಊರಲ್ಲಿ ಅಡಿಕೆ ತೋಟ ನೋಡ್ಕೊಂಡು ಇದ್ದೇನೆ. ಅಲ್ಲಿ ಬಿಸಿಲಿಗೆ ಬರ ಇಲ್ಲ, ಬಿಸಿಯದ್ದೇ ಸಮಸ್ಯೆ. ಎರಡೂ ಬೇರೆ ಬೇರೆ.

ಹೊರಗೆ 45 ಡಿಗ್ರಿ ಇದ್ರೆ ಪ್ಲೇಟಿನ ಒಳಗಿನ ಸೆಲ್ಲು 70 ದಾಟ್ತದೆ. ಪ್ಲೇಟಿನ ವ್ಯಾಟ್ ಬರೆಯುವುದು 25 ಡಿಗ್ರಿಗೆ. ಅದಕ್ಕಿಂತ ಮೇಲೆ ಒಂದೊಂದು ಡಿಗ್ರಿಗೂ ಶೇಕಡಾ 0.35ರಿಂದ 0.4ರಷ್ಟು ಹೋಗ್ತದೆ, ಅಂದ್ರೆ ಮಧ್ಯಾಹ್ನ ಒಳ್ಳೆ ಬಿಸಿಲಿನ ಹೊತ್ತಿಗೇ ಶೇಕಡಾ 15-18 ಖೋತಾ. ಹೋಗ್ಲಿ ಬಿಡಿ, ನಾಲ್ಕು ಪ್ಲೇಟು ಜಾಸ್ತಿ ಹಾಕಿದ್ರೆ ಅದು ಸರಿಯಾಯ್ತು, ಈಗ ಪ್ಲೇಟು ಅಗ್ಗ. ಬ್ಯಾಟರಿಗೆ ಎಂತ ಮಾಡ್ತೀರಿ? ಲೆಡ್ ಆಸಿಡ್ ಬ್ಯಾಟರಿ 25 ಡಿಗ್ರಿಯಲ್ಲಿ 10 ವರ್ಷ ಅಂತ ಕಂಪೆನಿಯವ ಬರೆದಿರ್ತಾನೆ, ಪ್ರತಿ 10 ಡಿಗ್ರಿ ಏರಿದ ಹಾಗೆ ಆಯಸ್ಸು ಅರ್ಧ ಆಗ್ತದೆ. 35ಕ್ಕೆ 5 ವರ್ಷ, 45ಕ್ಕೆ ಎರಡೂವರೆ. ತಗಡಿನ ಡಬ್ಬಿಯಲ್ಲಿ ಇಟ್ರೆ ಅಷ್ಟೂ ಬರುದಿಲ್ಲ. ಸೈಟು ಸತ್ತಿದೆ ಅಂತ ಕಾಲ್ ಬಂದು ನಾವು ಹೋಗಿ ನೋಡಿದ್ರೆ ಪ್ಲೇಟು ಚೆನ್ನಾಗೇ ಇರ್ತಿತ್ತು, ಬ್ಯಾಟರಿ ಹೊಟ್ಟೆ ಉಬ್ಬಿ ಕೂತಿರ್ತಿತ್ತು. ನಿಮ್ಮ ಬಾಸಿಗೆ ಫ್ಯಾನಿನ ದುಡ್ಡನ್ನು ಬ್ಯಾಟರಿ ಜಾಗಕ್ಕೆ ಹಾಕ್ಲಿಕ್ಕೆ ಹೇಳಿ.

ಗದಗ_ಗಾಳಿ
ನಮಸ್ಕಾರ ರೀ. ನಾ ಗದಗದಾಗ ಗಾಳಿ ಫ್ಯಾನ್ ಮೆಂಟೇನೆನ್ಸ್ ಮಾಡಾಂವ, ಗಲ್ಫ್ ನೋಡಿಲ್ಲ, ಆದ್ರ ಗಾಳಿ ಲೆಕ್ಕ ಎಲ್ಲಾ ಕಡೆ ಒಂದ ಐತಿ. ಗಾಳಿ ವೇಗ ಡಬಲ್ ಆದ್ರ ಕರೆಂಟ್ ಎಂಟು ಪಟ್ಟು ಆಕ್ಕೈತಿ, ಅರ್ಧ ಆದ್ರ ಎಂಟರಾಗ ಒಂದು ಪಾಲು. 4 ಮೀಟರ್ ಅಗಲದ ರೋಟರ್ ಹಿಡ್ಕೋರ್ರಿ, ಸೆಕೆಂಡಿಗೆ 10 ಮೀಟರ್ ಗಾಳಿ ಬಂತಂದ್ರ 2 ಕಿಲೋವ್ಯಾಟ್ ಕೊಡ್ತೈತಿ. ಅದ ಫ್ಯಾನ್ 5 ಮೀಟರ್ ಗಾಳಿಗೆ 250-300 ವ್ಯಾಟ್. ಮೂರು ಕಿಲೋವ್ಯಾಟ್ ಅಂತ ಬೋರ್ಡ್ ಮ್ಯಾಲೆ ಬರ್ದಿರೋದು 11-12 ಮೀಟರ್ ಗಾಳಿಗೆ. ನಿಮ್ಮ ಸೈಟಿನ ಸರಾಸರಿ ಗಾಳಿ ಎಷ್ಟೈತಿ ಅನ್ನೋದು ಗೊತ್ತಿಲ್ದ ಫ್ಯಾನ್ ತರಬ್ಯಾಡ್ರಿ. ಮತ್ತ ಅಲ್ಲಿ ಸೆಕಿಗೆ ಗಾಳಿ ತೆಳ್ಳಗಾಗಿರ್ತೈತಿ, 45 ಡಿಗ್ರಿಯೊಳಗ 15 ಡಿಗ್ರಿಗಿಂತ ಹತ್ತು ಪರ್ಸೆಂಟ್ ತೂಕ ಕಡಿಮಿ. ಅಷ್ಟ ಕರೆಂಟೂ ಕಡಿಮಿ.

ಲೆಕ್ಕದ_ಮೇಷ್ಟ್ರು
ಗದಗದವರ ಲೆಕ್ಕಕ್ಕೆ ಸಣ್ಣ ತಿದ್ದುಪಡಿ. ಸರಾಸರಿ 5 ಮೀಟರ್ ಅಂದ್ರೆ ದಿನವಿಡೀ 5 ಬೀಸತ್ತೆ ಅಂತಲ್ಲ, ಒಂದಷ್ಟು ಹೊತ್ತು 2, ಒಂದಷ್ಟು ಹೊತ್ತು 9. ಕರೆಂಟ್ ಬರೋದು ವೇಗದ ಘನದ ಲೆಕ್ಕದಲ್ಲಿ, ಹಾಗಾಗಿ ಘನ ಮಾಡಿ ಆಮೇಲೆ ಸರಾಸರಿ ತೆಗೆದ್ರೆ, ಸರಾಸರಿಯನ್ನ ಘನ ಮಾಡೋದಕ್ಕಿಂತ ಹೆಚ್ಚು ಬರತ್ತೆ. ಸಾಮಾನ್ಯ ಗಾಳಿ ಹಂಚಿಕೆಗೆ ಅದು ಹತ್ತಿರ ಹತ್ತಿರ ಎರಡು ಪಟ್ಟು. ಹಾಗಾಗಿ 5 ಮೀಟರ್ ಸರಾಸರಿ ಇರೋ ಜಾಗದಲ್ಲಿ 250 ಅಲ್ಲ, 450-500 ವ್ಯಾಟ್ ಸರಾಸರಿ ಸಿಗಬಹುದು ಲೆಕ್ಕದಲ್ಲಿ. ಇವರ ಲೋಡಿನ ಅರ್ಧ ಆಯ್ತಲ್ಲ.

ಗದಗ_ಗಾಳಿ
ಲೆಕ್ಕದಾಗ ಹೌದ್ರಿ ಮೇಷ್ಟ್ರ. ಆದ್ರ ಸಣ್ಣ ಫ್ಯಾನ್ ನಿಜವಾಗ್ಲೂ ಕೊಡೋದು ಕ್ಯಾಟಲಾಗ್‌ಕಿಂತ ಭಾಳ ಕಡಿಮಿ. ಬಿರುಗಾಳಿ ಬಂದಾಗ ಅದು ತನ್ನ ಜೀವ ಉಳಿಸ್ಕೊಳ್ಳಾಕ ಬ್ರೇಕ್ ಹಾಕ್ಕೊಂಡು ಕುಂದರ್ತೈತಿ, ಬ್ಯಾಟರಿ ತುಂಬಿದ್ರ ಬಂದ ಕರೆಂಟ್ ಡಂಪ್ ಲೋಡ್ ಅನ್ನೋ ಹೀಟರಿಗೆ ಹೋಗಿ ಸುಡ್ತೈತಿ. ಮತ್ತ ಉಸುಕು! ಬ್ಲೇಡಿನ ಮುಂದಿನ ಅಂಚು ಉಸುಕಿನಾಗ ಉಜ್ಜಿ ಉಜ್ಜಿ ಒರಟು ಆದ್ರ ಕರೆಂಟ್ ಇನ್ನೂ ಇಳೀತೈತಿ.

ಕುವೈತ್_ಕನ್ನಡಿಗ
ನಾನಿರೋ ಕುವೈತ್ ಕಡೆ ಬೇಸಿಗೇಲಿ ಶಮಾಲ್ ಅಂತ ವಾಯವ್ಯದಿಂದ ಗಾಳಿ ಬೀಸತ್ತೆ, ಜೂನ್-ಜುಲೈ ಪೂರ್ತಿ. ಮೊದ್ಲ ಸಲ ನೋಡಿದವ್ರು ಇಷ್ಟು ಗಾಳಿ ಇದ್ಯಲ್ಲ ಅಂತ ಫ್ಯಾನ್ ಹಾಕೋ ಯೋಚ್ನೆ ಮಾಡ್ತಾರೆ. ಆದ್ರೆ ಆ ಗಾಳಿ ನೆಲದ ಹತ್ರ ಜೋರಾಗೋದು ಬೆಳಗ್ಗೆ ಬಿಸಿಲೇರಿದ ಮೇಲೆ, ಸಂಜೆ ಹೊತ್ತು ಮುಳುಗಿದ ಮೇಲೆ ಇಳಿದೋಗತ್ತೆ. ಅಂದ್ರೆ ಸೋಲಾರ್ ಬರ್ತಿರೋ ಹೊತ್ತಲ್ಲೇ ಗಾಳೀನೂ ಬರತ್ತೆ. ರಾತ್ರಿ ಕರೆಂಟ್ ಗಾಳಿಯಿಂದ ಅನ್ನೋ ನಿಮ್ಮ ಬಾಸ್ ಮಾತು ನಮ್ಮ ಕಡೆಯಂತೂ ಉಲ್ಟಾ. ಚಳಿಗಾಲದಲ್ಲಿ ಮೋಡ ಜೊತೆ ಬರೋ ಶಮಾಲ್ ಸ್ವಲ್ಪ ಉಪಯೋಗಕ್ಕೆ ಬರಬಹುದು, ಅದೂ ಎರಡು ಮೂರು ದಿನ ಬೀಸಿ ಹೋಗತ್ತೆ.

ಬಿಸಿ ಬಗ್ಗೆ ಭಟ್ರು ಹೇಳಿದ್ದಕ್ಕೆ ಸೇರಿಸ್ತೀನಿ, 2016 ಜುಲೈ 21ಕ್ಕೆ ನಮ್ಮ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ನೆರಳಲ್ಲಿ. ತಗಡಿನ ಕ್ಯಾಬಿನೆಟ್ ಒಳಗೆ ಎಷ್ಟಿತ್ತೋ ದೇವರಿಗೇ ಗೊತ್ತು.

ಜಯನಗರ_4ನೇ_ಬ್ಲಾಕ್
ಅಯ್ಯಪ್ಪಾ 53.9

ಸಲಾಲಾ_ಕುಂದಾಪ್ರ
ಹೋಯ್, ಎಲ್ಲರೂ ಸೇರ್ಕಂಡ್ ಗಾಳಿನ ಹೀಂಗ್ ಬಯ್ಬೇಡಿ ಮಾರಾಯ್ರೆ, ಒಮಾನ್ ಅಂದ್ರೆ ಕುವೈತ್ ಅಲ್ಲ. ನಾನ್ ಇರೂದ್ ಸಲಾಲಾ. ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿ ಖರೀಫ್, ನಮ್ಮೂರಿಗೆ ಬಪ್ಪು ಅದೇ ನೈಋತ್ಯ ಮಾರುತದ್ ಒಂದ್ ತುಂಡು. ಗುಡ್ಡದ ಸಮುದ್ರ ಬದಿ ಪೂರ್ತಿ ಮಂಜು, ಜಿರಿ ಜಿರಿ ಮಳೆ, ಹಸಿರು ಅಂದ್ರೆ ಹಸಿರು, ಆಗುಂಬೆ ಕಂಡಂಗ್ ಕಾಣತ್. ಆ ಮಂಜಿನ ಒಳಗೆ ಇಪ್ಪು ಟವರಿಗೆ ಬರೀ ಸೋಲಾರ್ ಹಾಕ್ರೆ ಮೂರ್ ತಿಂಗ್ಳು ಜನರೇಟರೇ ಗತಿ. ಅದೇ ಗುಡ್ಡ ದಾಟಿ ಥುಮ್ರೈತ್ ಬದಿಗೆ ಇಳಿದ್ರೆ ಆಕಾಶ ನಿಚ್ಚಳ, ಗಾಳಿ ಮಾತ್ರ ಭರ್ಜರಿ. ಧೋಫಾರ್ ವಿಂಡ್ ಫಾರ್ಮ್ ಹರ್ವೀಲ್ ಹತ್ರ ಹಾಕಿದ್ದು ಸುಮ್ನೆ ಅಲ್ಲ, 13 ಫ್ಯಾನು, 50 ಮೆಗಾವ್ಯಾಟ್, 2019ರಿಂದ ತಿರಗ್ತಾ ಇತ್ತ್.

ದುಕ್ಮ್, ಮಸೀರಾ ದ್ವೀಪದ ಬದಿಗೂ ಅದೇ ಮಾರುತದ ಗಾಳಿ. ಬೇಸಿಗೆಲಿ ಅಲ್ಲಿ ಕಾರಿನ್ ಬಾಗ್ಲ್ ತೆಗೂಕೂ ಕಷ್ಟ. ಹಂಗಾಯಿ ಹೈಮಾಕ್ಕೆ ಬೇಡ, ದುಕ್ಮಿಗೆ ಹಾಕಿ ಅಂಬುದ್ ನನ್ನ ಲೆಕ್ಕ.

ಹೈಮಾ_ರೋಡ್
ಇದು ಬೇಕಾಗಿತ್ತು ನಂಗೆ, ಥ್ಯಾಂಕ್ಸ್. ದುಕ್ಮ್ ಸೈಟಲ್ಲಿ ಟವರ್ ಮೇಲೆ ಫ್ಯಾನ್ ಕಟ್ಟಿದ್ರೆ ಬೇರೆ ಕಂಬದ ಖರ್ಚು ಉಳಿಯತ್ತೆ ಅಂತ ಸಪ್ಲೈಯರ್ ಹೇಳ್ತಿದಾನೆ, ಅದು ಹೇಗೆ?

ಲಿಂಕ್_ಅಲೈನ್ಮೆಂಟ್
ಬೇಡ ಬೇಡ ಬೇಡ. ಮೈಕ್ರೋವೇವ್ ಡಿಶ್‌ನ ಬೀಮ್ ಅಗಲವೇ ಒಂದೆರಡು ಡಿಗ್ರಿ. ಟವರ್ ತುದೀಲಿ ಫ್ಯಾನ್ ಕೂರ್ಸಿ ಅದು ಅಲ್ಲಾಡ್ಸೋಕೆ ಶುರು ಮಾಡಿದ್ರೆ ನಿಮ್ಮ ಲಿಂಕು ಗಾಳಿ ಬಂದಾಗೆಲ್ಲ ಹೋಗತ್ತೆ, ಕಂಪನಕ್ಕೆ ಬೋಲ್ಟು ಸಡಿಲ ಆಗೋದು ಬೇರೆ. ಟವರನ್ನ ಆ ಲೋಡಿಗೆ ಡಿಸೈನೂ ಮಾಡಿರಲ್ಲ. ಬೇರೆ ಕಂಬ ಹಾಕಿ, ಅದೂ ಬುಡದಲ್ಲಿ ಕೀಲು ಇಟ್ಟು ವಿಂಚಲ್ಲಿ ಮಲಗಿಸೋ ಥರದ್ದು, ಸುತ್ತ ಎಳೆದು ಹಿಡಿಯೋ ಗೈ ವೈರ್ ಕಟ್ಟಿ. ಬೇರಿಂಗ್ ಹೋಯ್ತು ಅಂತ ಅಲ್ಲಿಗೆ ಕ್ರೇನ್ ತರಿಸೋ ಖರ್ಚಲ್ಲಿ ಇನ್ನೊಂದು ಫ್ಯಾನೇ ಬರತ್ತೆ. ಇನ್ನೊಂದು, ಕಂಬದ ನೆರಳು ಪ್ಲೇಟಿನ ಮೇಲೆ ಬೀಳ್ದಂಗೆ ಉತ್ತರದ ಕಡೆ ಹಾಕಿ, ಎಷ್ಟೋ ಜನ ದಕ್ಷಿಣಕ್ಕೆ ಹಾಕಿರ್ತಾರೆ ಪುಣ್ಯಾತ್ಮರು.

ಸಲಾಲಾ_ಕುಂದಾಪ್ರ
ಚಂಡಮಾರುತದ ಲೆಕ್ಕನೂ ಹಿಡ್ಕಣಿ. 2007ರ ಗೋನು, 2018ರ ಮೆಕುನು, 2021ರ ಶಾಹೀನ್, ಎಲ್ಲ ಒಮಾನ್ ಕರಾವಳಿಗೆ ಬಡ್ಕಂಡ್ ಹೋದದ್ದೇ. ಮೆಕುನು ಬಂದದ್ದ್ ನಮ್ಮ ಸಲಾಲಾಕ್ಕೆ. ಮುನ್ಸೂಚನೆ ಬಂದ ಕೂಡ್ಲೆ ಕಂಬ ಮಲಗ್ಸೂಕ್ ಆಯ್ಕ್.

ತಂಪು_ಪೆಟ್ಟಿಗೆ
ಯಾರೂ ಏಸಿ ಬಗ್ಗೆ ಮಾತಾಡ್ತಿಲ್ವಲ್ಲ? ಹೈಮಾ ರೋಡ್ ಅವರೇ, ಲೋಡು 1 ಕಿಲೋವ್ಯಾಟ್ ಅಂದ್ರಲ್ಲ, ಅದು ಏಸಿ ಬಿಟ್ಟಾ ಸೇರ್ಸಾ?

ಹೈಮಾ_ರೋಡ್
ಬಿಟ್ಟು. ಈಗ ಶೆಲ್ಟರ್ (ಸಲಕರಣೆ ಇಡೋ ಕೋಣೆ) ಒಳಗೆ ಒಂದೂವರೆ ಟನ್ನಿಂದು ಎರಡು ಸ್ಪ್ಲಿಟ್ ಏಸಿ ಇದೆ, ಒಂದಾದ ಮೇಲೆ ಒಂದು ಓಡತ್ತೆ. ಜನರೇಟರ್ ಇದ್ದಿದ್ರಿಂದ ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ.

ತಂಪು_ಪೆಟ್ಟಿಗೆ
ಅಲ್ಲಿಗೆ ಬಂತು ನೋಡಿ. ಏಸಿನೇ ಓಡೋವಾಗ ಒಂದೂವರೆ ಕಿಲೋವ್ಯಾಟ್ ಕುಡಿಯತ್ತೆ, ಫೋನ್ ಸಲಕರಣೆಗಿಂತ ಜಾಸ್ತಿ. ನೀವು ಸೋಲಾರ್ ಹಾಕ್ತಿರೋದು ಟವರಿಗಲ್ಲ, ಏಸಿಗೆ. ಮೊದಲು ಆ ಶೆಲ್ಟರ್ ತೆಗೀರಿ. ಹೊರಗಡೆ ಇಡೋ ರೇಡಿಯೋ, ಜನರೇಟರ್ ಕರೆಂಟನ್ನ ಡಿಸಿ ಮಾಡೋ, ಹೊರಗಡೆ ಇಡೋ ರೆಕ್ಟಿಫೈಯರ್ ಈಗ 55 ಡಿಗ್ರಿ ತನಕ ತಡೀತಾವೆ. ಮೇಲೆ ಎರಡು ಪದರದ ನೆರಳು, ಒಳಗೆ ಗಾಳಿ ಆಡ್ಸೋಕೆ ಒಂದು ಡಿಸಿ ಫ್ಯಾನು, ಫಿಲ್ಟರ್, ಅಷ್ಟು ಸಾಕು. ತಂಪು ಬೇಕಾಗಿರೋದು ಬ್ಯಾಟರಿಗೆ ಮಾತ್ರ, ಅದಕ್ಕೆ ಇನ್ಸುಲೇಶನ್ ಇರೋ ಸಣ್ಣ ಪೆಟ್ಟಿಗೆ ಮಾಡಿ 48 ವೋಲ್ಟಲ್ಲೇ ಓಡೋ ಪುಟ್ಟ ಕೂಲರ್ ಹಾಕಿ.

ಬ್ಯಾಟರಿ_ಭಟ್ರು
ಕೂಲರ್ ಕೂಡ ಬೇಡ, ಹೂಳಿ. ಎರಡು ಮೀಟರ್ ಕೆಳಗೆ ಹೋದ್ರೆ ಮರುಭೂಮಿಯಲ್ಲೂ ಮಣ್ಣು ವರ್ಷವಿಡೀ 30ರ ಆಸುಪಾಸಲ್ಲೇ ಇರ್ತದೆ, ಮೇಲೆ 48 ಇರ್ಲಿ 10 ಇರ್ಲಿ. ಫೈಬರ್‌ಗ್ಲಾಸ್ ಪೆಟ್ಟಿಗೆ, ಒಂದು ಗಾಳಿ ಕೊಳವೆ ಮೇಲಕ್ಕೆ, ಜೆಲ್ ಬ್ಯಾಟರಿ. ನಾವು ಹಾಗೆ ಇಟ್ಟ ಬ್ಯಾಟರಿ, ಮೇಲೆ ಡಬ್ಬಿಯಲ್ಲಿ ಇಟ್ಟದ್ದು ಎರಡು ಸಲ ಬದಲಾದ್ರೂ, ಇನ್ನೂ ಕೆಲಸ ಮಾಡ್ತಾ ಇತ್ತು. ಆದ್ರೆ ವಾದಿಯಲ್ಲಿ, ಅಂದ್ರೆ ಅಲ್ಲಿಯ ಒಣ ಹೊಳೆಯಲ್ಲಿ, ಹೂಳ್ಬೇಡಿ. ಒಣಗಿದ ಹೊಳೆ ಅಂತ ಕಾಣುವುದಿಲ್ಲ ಅದು, ಮಳೆ ಬಂದ್ರೆ ಮಾತ್ರ ಗೊತ್ತಾಗುದು.

ಲಿಥಿಯಂ_ರಾಜ
ಭಟ್ರೇ ಇನ್ನೂ ಜೆಲ್ ಬ್ಯಾಟರಿ ಕಾಲದಲ್ಲೇ ಇದೀರಾ. ಈಗೆಲ್ಲ ಲಿಥಿಯಂ ಐರನ್ ಫಾಸ್ಫೇಟ್. 1 ಕಿಲೋವ್ಯಾಟ್ ಅಂದ್ರೆ ದಿನಕ್ಕೆ 24 ಯೂನಿಟ್, ಮೂರು ದಿನಕ್ಕೆ 72, ಶೇಕಡಾ 80 ಬಳಸಿದ್ರೆ 90 ಯೂನಿಟ್ ಬ್ಯಾಂಕ್ ಬೇಕು. ಲೆಡ್ ಆಸಿಡ್‌ನಲ್ಲಿ ಅಷ್ಟು ಮಾಡಿದ್ರೆ ತೂಕ ಟನ್‌ಗಟ್ಟಲೆ, ಅದೂ ಶೇಕಡಾ 80 ಖಾಲಿ ಮಾಡಿದ್ರೆ ಬೇಗ ಸಾಯತ್ತೆ. ಪ್ಲೇಟು 7-8 ಕಿಲೋವ್ಯಾಟ್ ಸಾಕು, ದಿನಕ್ಕೆ 5 ಗಂಟೆ ಪೂರ್ತಿ ಬಿಸಿಲು, ಬಿಸಿ ಧೂಳು ಎಲ್ಲ ಸೇರಿ ಮೂರನೇ ಒಂದು ಪಾಲು ಕಳ್ಕೊಂಡ್ರೂ 24 ಯೂನಿಟ್ ಬರತ್ತೆ.

ಬ್ಯಾಟರಿ_ಭಟ್ರು
ಲಿಥಿಯಂ ಬೇಡ ಅಂತ ನಾನು ಹೇಳ್ಲಿಲ್ಲ ರಾಜರೇ. ಆದ್ರೆ ಅದಕ್ಕೂ ಬಿಸಿ ಆಗುದಿಲ್ಲ. 45-55 ಡಿಗ್ರಿ ದಾಟಿದ್ರೆ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟು) ಚಾರ್ಜಿಂಗ್ ನಿಲ್ಲಿಸ್ತದೆ, ಒಂದೊಂದು ಮಾಡೆಲ್ಲಿಗೆ ಒಂದೊಂದು, ಡೇಟಾಶೀಟ್ ನೋಡಿ. ಮಧ್ಯಾಹ್ನ ಬಿಸಿಲು ಸುರೀತಾ ಇರ್ತದೆ, ಪ್ಲೇಟು ಕರೆಂಟ್ ಕೊಡ್ತಾ ಇರ್ತದೆ, ಬ್ಯಾಟರಿ ಮಾತ್ರ ನಂಗೆ ಬೇಡ ಅಂತ ಕೂರ್ತದೆ. ಜೆಲ್ ಕಡೇ ಪಕ್ಷ ಸಾಯುವ ತನಕ ಕೆಲಸ ಮಾಡ್ತದೆ.

ಲಿಥಿಯಂ_ರಾಜ
ಸರಿ, ಹೂಳಿದ ಲಿಥಿಯಂ. ರಾಜಿ 🤝

ಪಾವಗಡ_ಪ್ಲೇಟ್
ಧೂಳಿನ ಬಗ್ಗೆ ನಾನು ಹೇಳ್ತೀನಿ. ನಾನು ಮೊದ್ಲು ನಮ್ಮ ಪಾವಗಡ ಪಾರ್ಕಲ್ಲಿ, ಈಗ ಅಬುಧಾಬಿ ಕಡೆ. ಪಾವಗಡದಲ್ಲಿ ಮಳೆ ಬಂದು ಒಂದ್ಸಲ ತೊಳೆದು ಹೋಗತ್ತೆ, ಇಲ್ಲಿ ಆ ಭಾಗ್ಯ ಇಲ್ಲ. ಇಲ್ಲಿ ದೊಡ್ಡ ಪ್ಲಾಂಟಲ್ಲೆಲ್ಲ ರೋಬೋಟು ನೀರಿಲ್ದೆ ಬ್ರಶ್ ಹೊಡೀತವೆ, ಒಂಟಿ ಟವರಿಗೆ ರೋಬೋಟ್ ಎಲ್ಲಿಂದ ತರ್ತೀರ. ಎಲ್ರೂ ಮರಳು ಬಿರುಗಾಳಿಗೆ ಹೆದರ್ತಾರೆ, ನಿಜವಾದ ಕಾಟ ಇಬ್ಬನಿದು. ಸಮುದ್ರದ ಹತ್ರ ರಾತ್ರಿ ಪ್ಲೇಟ್ ಮೇಲೆ ಇಬ್ಬನಿ ಕೂರತ್ತೆ, ಧೂಳು ನೆನೆದು ಕೆಸರಾಗಿ ನಿಧಾನಕ್ಕೆ ಕೆಳಗೆ ಜಾರಿ ಫ್ರೇಮಿನ ಅಂಚಲ್ಲಿ ನಿಲ್ಲತ್ತೆ, ಬೆಳಗ್ಗೆ ಬಿಸಿಲಿಗೆ ಅದು ಗಾರೆ ಥರ ಗಟ್ಟಿ. ದಿನಾ ಒಂದೊಂದು ಪದರ. ಕೊನೆಗೆ ಪ್ಲೇಟಿನ ಬುಡದಲ್ಲಿ ಎರಡು ಬೆರಳಗಲ ಕಂದು ಪಟ್ಟಿ.

ಆ ಪಟ್ಟಿ ಸಣ್ಣದಾಗಿ ಕಾಣತ್ತೆ, ಆದ್ರೆ ಪ್ಲೇಟನ್ನ ಉದ್ದಕ್ಕೆ ನಿಲ್ಸಿದ್ರೆ ಅದು ಮೂರೂ ಸ್ಟ್ರಿಂಗ್‌ನ (ಸೆಲ್ಲಿನ ಸಾಲಿನ) ಕೊನೇ ಸೆಲ್ಲನ್ನ ಮುಚ್ಚತ್ತೆ, ಹಳೇ ಥರದ ಪ್ಲೇಟಾದ್ರೆ ಪೂರ್ತಿ ಪ್ಲೇಟು ಮಂಕು. ಅಡ್ಡ ಮಲಗಿಸಿ ಹಾಕಿದ್ರೆ ಒಂದೇ ಸ್ಟ್ರಿಂಗ್ ಹೋಗತ್ತೆ, ಬೈಪಾಸ್ ಡಯೋಡ್ ಅದನ್ನ ಬಿಟ್ಟು ಉಳಿದ ಮೂರನೇ ಎರಡು ಪಾಲು ಕೊಡತ್ತೆ. ಸೆಲ್ಲನ್ನ ಅರ್ಧಕ್ಕೆ ಕತ್ತರಿಸಿ ಮಾಡಿರೋ ಹಾಫ್ ಕಟ್ ಪ್ಲೇಟಾದ್ರೆ ಉದ್ದಕ್ಕಿದ್ರೂ ಅರ್ಧ ಉಳಿಯತ್ತೆ. ಖರ್ಚಿಲ್ಲದ ಉಪಾಯ, ಡ್ರಾಯಿಂಗಲ್ಲಿ ಬದಲಾಯಿಸಿದ್ರೆ ಆಯ್ತು. ಓರೆನೂ ಜಾಸ್ತಿ ಕೊಡಿ, ನಿಮ್ಮ ಅಕ್ಷಾಂಶ 20 ಅಂದ್ರೆ 30-35 ಕೊಡಿ, ಧೂಳು ಜಾರತ್ತೆ, ಡಿಸೆಂಬರ್ ಬಿಸಿಲೂ ಚೆನ್ನಾಗಿ ಬೀಳತ್ತೆ. ಬೇಸಿಗೇಲಿ ಸ್ವಲ್ಪ ಹೋದ್ರೂ ಬೇಸಿಗೇಲಿ ಹೇಗೂ ಜಾಸ್ತಿ ಇರತ್ತೆ.

ದಮ್ಮಾಮ್_ದೋಣಿ
ಧೂಳು ಬಿಡಿ, ಹಕ್ಕಿ ಹೇಸಿಗೆ ನೋಡಿದ್ದೀರಾ. ನಾನು ಸಮುದ್ರದೊಳಗಿನ ಎಣ್ಣೆ ಬಾವಿಯ ಪ್ಲಾಟ್‌ಫಾರಂ ಕೆಲಸ, ಜನ ಇಲ್ಲದವು. ಅಲ್ಲಿ ಟೆಲಿಮೆಟ್ರಿ, ರೇಡಿಯೋ, ಹಡಗಿಗೆ ತೋರಿಸುವ ಲೈಟು ಎಲ್ಲ ಸೋಲಾರಲ್ಲೇ. ನೀರುಕಾಗೆಗಳು ಸಾಲಾಗಿ ಬಂದು ಪ್ಲೇಟಿನ ಮೇಲಂಚಲ್ಲಿ ಕೂರ್ತಾವೆ, ಸುತ್ತ ಎಲ್ಲೂ ಕೂರ್ಲಿಕ್ಕೆ ಜಾಗ ಇಲ್ಲ ಅಲ್ವಾ. ಒಂದು ಸೀಸನ್ ಕಳೆದ್ರೆ ಪ್ಲೇಟು ಬಿಳಿ ಗೋಡೆ. ಮುಳ್ಳುಪಟ್ಟಿ ಹಾಕಿದ್ರು, ಹಕ್ಕಿ ಮುಳ್ಳಿನ ಮಧ್ಯೆ ಗೂಡು ಕಟ್ಟಿದ್ವು. ಕೊನೆಗೆ ಪ್ಲೇಟನ್ನೇ ಹೆಚ್ಚುಕಮ್ಮಿ ನೇರ ನಿಲ್ಲಿಸಿ, ಮೇಲೆ ಒಂದು ತಂತಿ ಸಡಿಲವಾಗಿ ಕಟ್ಟಿದ ಮೇಲೆ ಸ್ವಲ್ಪ ಕಮ್ಮಿ ಆಯ್ತು.

ಜಯನಗರ_4ನೇ_ಬ್ಲಾಕ್
ಮುಳ್ಳಿನ ಮಧ್ಯೆ ಗೂಡು 😂😂 ಬೆಂಗಳೂರು ಪಾರಿವಾಳದ ಸಂಬಂಧಿಕರು ಇರ್ಬೇಕು

ಹೊಸ_ಡಿಪ್ಲೊಮಾ
ಸರ್ ನಾನು ಡಿಪ್ಲೊಮಾ ಎಲೆಕ್ಟ್ರಿಕಲ್ ಮುಗಿಸಿದ್ದೇನೆ, ಒಮಾನಲ್ಲಿ ಸೋಲಾರ್ ಕೆಲಸ ಸಿಗತ್ತಾ? ಏಜೆಂಟ್ ಒಬ್ರು ದುಡ್ಡು ಕೇಳ್ತಿದ್ದಾರೆ ವೀಸಾಕ್ಕೆ.

ಸಲಾಲಾ_ಕುಂದಾಪ್ರ
ತಮ್ಮಾ, ಆ ಏಜೆಂಟಿಗೆ ನೋಂದಣಿ ಇತ್ತಾ ಅಂತ ವಿದೇಶಾಂಗ ಇಲಾಖೆಯ ಇಮೈಗ್ರೇಟ್ ವೆಬ್‌ಸೈಟಲ್ಲಿ ಕಾಣ್. ಅಲ್ಲಿ ಇಲ್ದಿದ್ರೆ ಒಂದ್ ರುಪಾಯಿ ಕೊಡ್ಬೇಡ. ವಿಸಿಟ್ ವೀಸಾದಲ್ಲಿ ಬಾ, ಆಮೇಲ್ ಬದ್ಲ್ ಮಾಡ್ವ ಅಂದ್ರೆ ಓಡ್.

ಜುಬೈಲ್_2ನೇ_ಶಿಫ್ಟ್
ಒಂದು ಪ್ರಶ್ನೆ, ಅಲ್ಲಿ ಡೀಸೆಲ್ ನೀರಿಗಿಂತ ಅಗ್ಗ ಅಲ್ವಾ, ಇಷ್ಟೆಲ್ಲಾ ಒದ್ದಾಟ ಯಾಕೆ?

ಹೈಮಾ_ರೋಡ್
ಇತ್ತು ಒಂದು ಕಾಲದಲ್ಲಿ. ಯುಎಇ 2015ರಲ್ಲಿ, ಒಮಾನ್ 2016ರಲ್ಲಿ ರೇಟನ್ನ ಮಾರುಕಟ್ಟೆಗೆ ಕಟ್ಟಿದ ಮೇಲೆ ಆ ಕಥೆ ಮುಗೀತು. ಅದಕ್ಕಿಂತ ಸಾಗಾಟದ ಖರ್ಚು. ಸಣ್ಣ ಜನರೇಟರ್ ಕಡಿಮೆ ಲೋಡಲ್ಲಿ ಗಂಟೆಗೆ ಒಂದೂವರೆ ಎರಡು ಲೀಟರ್ ಕುಡಿಯತ್ತೆ, ವರ್ಷಕ್ಕೆ 15 ಸಾವಿರ ಲೀಟರ್ ಆಸುಪಾಸು ಒಂದು ಸೈಟಿಗೆ. ಅದನ್ನ ಟ್ಯಾಂಕರಲ್ಲಿ ಮಣ್ಣುರೋಡಲ್ಲಿ ತಗೊಂಡೋಗ್ಬೇಕು, 250 ಗಂಟೆಗೊಮ್ಮೆ ಆಯಿಲ್ಲು ಫಿಲ್ಟರ್ ಬದಲಾಯಿಸ್ಬೇಕು, ಕಡಿಮೆ ಲೋಡಲ್ಲಿ ಓಡಿ ಓಡಿ ಇಂಜಿನ್ ಒಳಗೆ ಮಸಿ ಕಟ್ಟತ್ತೆ. ದಾರೀಲಿ ಟ್ಯಾಂಕ್ ಅರ್ಧ ಖಾಲಿ ಆಗೋ ಪವಾಡ ಬೇರೆ. ರಾತ್ರಿ ಹೋದ್ರೆ ರೋಡ್ ಮಧ್ಯೆ ಒಂಟೆ.

ಬ್ಯಾಟರಿ_ಭಟ್ರು
ಎಣ್ಣೆ ಅಗ್ಗ ಇದ್ದ ಕಾಲದಲ್ಲೂ ಸೌದಿಯವ್ರು ಸುಮ್ನೆ ಇರ್ಲಿಲ್ಲ. ರಿಯಾದ್ ಹತ್ರ ಉಯೈನಾದಲ್ಲಿ ಅಮೆರಿಕದವರ ಜೊತೆ ಸೇರಿ 350 ಕಿಲೋವ್ಯಾಟಿನ ಸೋಲಾರ್ ವಿಲೇಜ್ ಮಾಡಿದ್ದು 1981ರಲ್ಲಿ, ಆಗ ನಮ್ಮಲ್ಲಿ ಎಷ್ಟೋ ಊರಿಗೆ ಕರೆಂಟೇ ಇರ್ಲಿಲ್ಲ. ಈಗ ದೂಮತ್ ಅಲ್ ಜಂದಲ್‌ನಲ್ಲಿ 99 ಫ್ಯಾನು, 400 ಮೆಗಾವ್ಯಾಟು. ಹಾಗಂತ ದೊಡ್ಡ ಫ್ಯಾನು ನಡೀತದೆ ಅಂತ ಸಣ್ಣದೂ ನಡೀತದೆ ಅನ್ಬೇಡಿ, ಅದು ನೂರು ಮೀಟರ್ ಮೇಲಿನ ಗಾಳಿ, ನಿಮ್ಮದು 12-15 ಮೀಟರ್ ಕಂಬ.

ಲೆಕ್ಕದ_ಮೇಷ್ಟ್ರು
ಭಟ್ರ ಈ ಕೊನೇ ಮಾತಿಗೆ ನಾನು ಪೂರ್ತಿ ಒಪ್ತೀನಿ. ಹೈಮಾ ರೋಡ್ ಅವರೇ, ಟವರ್ ಇದ್ದೇ ಇದೆಯಲ್ಲ, ಅದಕ್ಕೆ ಗಾಳಿ ವೇಗ ಅಳೆಯೋ ಒಂದು ಕಪ್ ಅನಿಮೋಮೀಟರ್ 15 ಮೀಟರಿಗೆ ಕಟ್ಟಿ ಬಿಡಿ ಈಗ್ಲೇ. ಗಂಟೆಗಂಟೆ ದಾಖಲೆ ಇದ್ರೆ ಬಾಸ್ ಜೊತೆ ವಾದವೇ ಬೇಡ.

ಹೈಮಾ_ರೋಡ್
ಮೀಟಿಂಗ್ ಆಯ್ತು. ಹೈಮಾ ಕಡೆ ಫ್ಯಾನ್ ಕೈಬಿಟ್ರು, ಆ ದುಡ್ಡಲ್ಲಿ ಶೆಲ್ಟರ್ ಬದಲು ಹೊರಗಿನ ಕ್ಯಾಬಿನೆಟ್ಟು, ಹೂಳೋ ಬ್ಯಾಟರಿ ಪೆಟ್ಟಿಗೆ. ಪ್ಲೇಟು ಅಡ್ಡ. ದುಕ್ಮ್‌ನಲ್ಲಿ ಮೊದಲು ಎರಡೇ ಸೈಟಿಗೆ ಫ್ಯಾನು, ಬೇರೆ ಮಲಗಿಸೋ ಕಂಬದಲ್ಲಿ, ಅನಿಮೋಮೀಟರ್ ಎಲ್ಲಾ ಟವರಿಗೂ. ಒಂದು ಹಳೇ ಜನರೇಟರ್ ಪ್ರತಿ ಸೈಟಲ್ಲಿ ಬ್ಯಾಕಪ್ಪಿಗೆ ಉಳಿಸ್ಕೊಳ್ತೀವಿ. ಬಾಸ್ ಒಪ್ಪಿದ್ದು ಏಸಿ ಲೆಕ್ಕ ನೋಡಿ, ಗಾಳಿ ಲೆಕ್ಕ ಅವರು ಕೇಳಿಸ್ಕೊಳ್ಳಲೇ ಇಲ್ಲ. ಪ್ರೆಸೆಂಟೇಶನ್ ಮೊದಲ ಸ್ಲೈಡಲ್ಲಿ ಮಾತ್ರ ಫ್ಯಾನ್ ಫೋಟೋ ಇರಬೇಕಂತೆ.

ಗದಗ_ಗಾಳಿ
ಫೋಟೋದಾಗಿನ ಫ್ಯಾನ್‌ಗೆ ಮೆಂಟೇನೆನ್ಸ್ ಇಲ್ಲ, ಇರ್ಲಿ ಬಿಡ್ರಿ 😄 ದುಕ್ಮದ್ದು ರೀಡಿಂಗ್ ಬಂದ್ರ ಇಲ್ಲಿ ಹಾಕ್ರಿ, ಜುಲೈದು ಮತ್ತ ಡಿಸೆಂಬರ್‌ದು ಎರಡೂ ಬೇಕು.

ಜುಬೈಲ್_2ನೇ_ಶಿಫ್ಟ್
ಇದೇ ಜಾಗದಲ್ಲಿ ಕೇಳ್ತೀನಿ, ಬೇಜಾರಿಲ್ಲ ತಾನೆ. ಉಡುಪಿಲಿ ಮನೆ ಮೇಲೆ 3 ಕಿಲೋವ್ಯಾಟ್ ಹಾಕ್ಸೋಣ ಅಂತಿದೀನಿ, ಸೂರ್ಯ ಘರ್ ಸಬ್ಸಿಡಿ 78 ಸಾವಿರ ಬರತ್ತಂತೆ. ಮಳೆಗಾಲದಲ್ಲಿ ಏನಾದ್ರೂ ಬರತ್ತಾ?

ಬ್ಯಾಟರಿ_ಭಟ್ರು
ಬರ್ತದೆ ಮಾರಾಯ್ರೆ, ಜುಲೈಯಲ್ಲಿ ತುಂಬ ಕಡಿಮೆ ಅಂತ ಇಟ್ಕೊಳ್ಳಿ, ಲೈನಿಗೆ ಜೋಡಿಸಿದ್ರೆ ಅದು ತಲೆಬಿಸಿ ಅಲ್ಲ. ತೊಳೆಯುವ ಕೆಲಸ ಅಂತೂ ಇಲ್ಲ. ತೆಂಗಿನ ಮರ ಎಷ್ಟು ಹತ್ರ ಉಂಟು, ಅದು ಹೇಳಿ ಮೊದ್ಲು.